ಎಪ್ಪತ್ತರ ನಂತರ ಕ್ರೂಸ್: ವಿಮೆ ಎಲ್ಲಿ ಕೈಕೊಡುತ್ತದೆ?

ಕ್ರೂಸ್ ಟಿಕೆಟ್ಟಿನ ದರದಲ್ಲಿ ಕೋಣೆ, ಮೂರು ಹೊತ್ತಿನ ಊಟ, ರಾತ್ರಿಯ ಹಾಡು-ಕುಣಿತ, ಈಜುಕೊಳ ಎಲ್ಲವೂ ಬರುತ್ತವೆ. ಹಡಗಿನ ಡಾಕ್ಟರ್ ಫೀಸು ಮಾತ್ರ ಬರುವುದಿಲ್ಲ. ಜ್ವರಕ್ಕೆ ತೋರಿಸಿದರೂ, ಎದೆನೋವೆಂದು ರಾತ್ರಿಯಿಡೀ ಮಾನಿಟರ್ ಹಾಕಿ ಮಲಗಿಸಿಕೊಂಡರೂ ಬಿಲ್ಲು ನೇರವಾಗಿ ಕೋಣೆಯ ಖಾತೆಗೆ ಬೀಳುತ್ತದೆ. ಇಳಿಯುವ ಮುನ್ನ ತೀರಿಸಬೇಕು. ಅಲ್ಲಿ ಕ್ಯಾಶ್‌ಲೆಸ್ ಸಾಮಾನ್ಯವಾಗಿ ನಡೆಯದು. ವಿಮೆ ಇದ್ದವರೂ ಮೊದಲು ಕೈಯಿಂದ ಕೊಟ್ಟು, ಊರಿಗೆ ಬಂದ ಮೇಲೆ ಕ್ಲೇಮ್ ಹಾಕಬೇಕು.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಹಡಗು ಹತ್ತುವ ಹಿರಿಯರಲ್ಲಿ ಎರಡು ಬಗೆ. ಅಡಿಕೆ ಸುಗ್ಗಿ ಮುಗಿದ ಮೇಲೆ ಟ್ರಾವೆಲ್ಸ್‌ನವರ ಗುಂಪಿನ ಜೊತೆ ಸಿಂಗಾಪುರಕ್ಕೆ ಹೋಗಿ, ಅಲ್ಲಿಂದ ಮೂರು-ನಾಲ್ಕು ರಾತ್ರಿ ಪೆನಾಂಗ್, ಫುಕೆಟ್ ಕಡೆ ಸುತ್ತಿ ಬರುವವರು ಒಂದು. ಅಮೆರಿಕದಲ್ಲಿರುವ ಮಗನ ಅಥವಾ ಮಗಳ ಮನೆಗೆ ಕೆಲವು ತಿಂಗಳ ಮಟ್ಟಿಗೆ ಹೋಗಿ, ಅಲ್ಲಿಂದ ಅಲಾಸ್ಕಾ ಅಥವಾ ಕೆರಿಬಿಯನ್ ಹಡಗು ಹತ್ತುವವರು ಇನ್ನೊಂದು. ಇವರಿಬ್ಬರಿಗೂ ವಿಮೆ ಇರುತ್ತದೆ. ಟ್ರಾವೆಲ್ಸ್‌ನವರು ಪ್ಯಾಕೇಜಿನ ಜೊತೆಗೇ ಒಂದು ಪಾಲಿಸಿ ಸೇರಿಸಿರುತ್ತಾರೆ, ಇಲ್ಲವೇ ಮಕ್ಕಳು ಆನ್‌ಲೈನ್‌ನಲ್ಲಿ ಕೊಂಡಿರುತ್ತಾರೆ. ಆ ಪಾಲಿಸಿಯಲ್ಲಿ ಬಿಪಿ, ಶುಗರ್ ಇರುವ ಎಪ್ಪತ್ತೆರಡರ ವ್ಯಕ್ತಿಗೆ ನಡುಸಮುದ್ರದಲ್ಲಿ ನಿಜವಾಗಿ ಎಷ್ಟು ಸಿಗುತ್ತದೆ ಎಂಬುದನ್ನು ಮಾತ್ರ ಯಾರೂ ಓದಿರುವುದಿಲ್ಲ.

ಮನೆಯಲ್ಲಿರುವ ಕಾರ್ಡುಗಳು

ಮೊದಲು ಒಂದು ತಪ್ಪು ಭರವಸೆಯನ್ನು ಬದಿಗಿಡೋಣ. ಸಹಕಾರ ಸಂಘದ ಸದಸ್ಯರಿಗೆ ಸಿಗುವ ಯಶಸ್ವಿನಿ ಅದರ ಪಟ್ಟಿಯಲ್ಲಿರುವ ಆಸ್ಪತ್ರೆಗಳಿಗೆ ಸೀಮಿತ. ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ 70 ದಾಟಿದವರಿಗೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ್ ಕೂಡ ದೇಶದೊಳಗಿನ ನೋಂದಾಯಿತ ಆಸ್ಪತ್ರೆಗಳಲ್ಲಷ್ಟೇ ನಡೆಯುತ್ತದೆ. ಬ್ಯಾಂಕು, ಕಾರ್ಖಾನೆಗಳಿಂದ ನಿವೃತ್ತರಾದವರ ಗುಂಪು ಮೆಡಿಕ್ಲೇಮ್‌ಗಳೂ ಸಾಮಾನ್ಯವಾಗಿ ಭಾರತದ ಗಡಿಯೊಳಗಿನ ಚಿಕಿತ್ಸೆಗೇ ಬರೆದವು. ಕೆಲವು ದುಬಾರಿ ವೈಯಕ್ತಿಕ ಆರೋಗ್ಯ ಪಾಲಿಸಿಗಳಲ್ಲಿ ವಿದೇಶದ ತುರ್ತು ಚಿಕಿತ್ಸೆಯ ಭಾಗ ಇರುತ್ತದೆ. ಇದ್ದರೆ ಒಳ್ಳೆಯದು, ಆದರೆ ಅದು ಹಡಗಿಗೂ ಸಲ್ಲುತ್ತದೆಯೇ ಎಂದು ಬರಹದಲ್ಲೇ ಕೇಳಿ ತಿಳಿಯಬೇಕು.

ಮುಂಬೈನಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುವ ಹಡಗಿನಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಏಳುತ್ತದೆ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಪ್ರಕಾರ ಆಸ್ಪತ್ರೆ ಎಂದರೆ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾನೂನಿನಡಿ ನೋಂದಣಿಯಾಗಿರಬೇಕು. ಅದಿಲ್ಲದಿದ್ದರೆ 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಕನಿಷ್ಠ 10 ಹಾಸಿಗೆ, ಉಳಿದೆಡೆ 15 ಹಾಸಿಗೆ, ಹಗಲಿರುಳು ವೈದ್ಯರು ಮತ್ತು ನರ್ಸುಗಳು, ಸುಸಜ್ಜಿತ ಶಸ್ತ್ರಚಿಕಿತ್ಸಾ ಕೊಠಡಿ ಇರಬೇಕು. ಕೆಲವೇ ಹಾಸಿಗೆಯ ಹಡಗಿನ ಚಿಕಿತ್ಸಾ ಕೇಂದ್ರ ಈ ಅಳತೆಗೆ ಸಿಗುವುದು ಕಷ್ಟ. ಹಾಗಾಗಿ ಮನೆಯ ಮೆಡಿಕ್ಲೇಮ್ ಕಂಪನಿ ಹಡಗಿನ ಬಿಲ್ಲನ್ನು ಆಸ್ಪತ್ರೆಯ ಬಿಲ್ಲೆಂದು ಒಪ್ಪುತ್ತದೆ ಎಂದು ನಂಬಿ ಹತ್ತಬಾರದು. ವಿದೇಶ ಪ್ರವಾಸದ ಪಾಲಿಸಿಯಲ್ಲೂ ಮೊದಲು ಹುಡುಕಬೇಕಾದ್ದು ಇದನ್ನೇ: ಹಡಗಿನ ವೈದ್ಯರ ಚಿಕಿತ್ಸೆಯನ್ನು ಯಾವ ತಲೆಬರಹದಡಿ ಹಾಕಿದ್ದಾರೆ? ಹೊರರೋಗಿ ಚಿಕಿತ್ಸೆ ಎಂದೇ? ಹಾಗಿದ್ದರೆ ಅದಕ್ಕೆ ಬೇರೆ ಸಣ್ಣ ಮಿತಿ ಇರಬಹುದು. ಪ್ರತಿ ಕ್ಲೇಮಿನಲ್ಲೂ ಮೊದಲ 100 ಡಾಲರ್ ನಮ್ಮದೇ ಎಂಬಂಥ ಕಡಿತವೂ ಇರಬಹುದು. ಸಣ್ಣಪುಟ್ಟ ಜ್ವರ, ಭೇದಿಯ ಬಿಲ್ಲುಗಳು ಈ ಕಡಿತದಲ್ಲೇ ಕರಗಿಹೋಗುತ್ತವೆ.

ಹಡಗಿನಲ್ಲಿ ಏನಿದೆ, ಏನಿಲ್ಲ ಎಂಬುದು ಗೊತ್ತಿದ್ದರೆ ಖರ್ಚು ಎಲ್ಲಿ ಏರುತ್ತದೆ ಎಂಬುದೂ ಗೊತ್ತಾಗುತ್ತದೆ. ದೊಡ್ಡ ಕಂಪನಿಗಳ ಹಡಗುಗಳಲ್ಲಿ ವೈದ್ಯರು, ನರ್ಸುಗಳು, ಇಸಿಜಿ, ಡಿಫಿಬ್ರಿಲೇಟರ್, ವೆಂಟಿಲೇಟರ್, ಎಕ್ಸ್‌ರೇ, ರಕ್ತ ಪರೀಕ್ಷೆಯ ಸಣ್ಣ ಲ್ಯಾಬ್, ಹೃದಯಾಘಾತದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಇರುತ್ತವೆ. ಆಂಜಿಯೋಪ್ಲಾಸ್ಟಿ ಇಲ್ಲ, ದೊಡ್ಡ ಶಸ್ತ್ರಚಿಕಿತ್ಸೆ ಇಲ್ಲ, ರಕ್ತನಿಧಿ ಇಲ್ಲ. ಪಾರ್ಶ್ವವಾಯುವಿಗೆ ಬೇಕಾದ ಸಿಟಿ ಸ್ಕ್ಯಾನ್ ಸಾಮಾನ್ಯವಾಗಿ ಇರುವುದಿಲ್ಲ. ಸ್ಕ್ಯಾನ್ ಇಲ್ಲದೆ ಹೆಪ್ಪೋ ರಕ್ತಸ್ರಾವವೋ ತಿಳಿಯದು, ತಿಳಿಯದೆ ಔಷಧ ಕೊಡುವಂತಿಲ್ಲ. ಅಂದರೆ ಹಿರಿಯರಿಗೆ ಬರುವ ದೊಡ್ಡ ಕಾಯಿಲೆಗಳಲ್ಲಿ ಹಡಗಿನ ಕೆಲಸ ಜೀವ ಹಿಡಿದಿಟ್ಟು ದಡ ಸೇರಿಸುವಷ್ಟು. ದಡ ಸೇರಿಸುವುದು ಮತ್ತು ದಡದ ಆಸ್ಪತ್ರೆ, ದೊಡ್ಡ ಖರ್ಚು ಈ ಎರಡರದು.

ಮೊತ್ತದ ಒಳಗಿನ ಮೊತ್ತ

ಪಾಲಿಸಿ ಮಾರುವವರು ಹೇಳುವುದು ಒಂದೇ ಅಂಕಿ: 50,000 ಡಾಲರ್, ಒಂದು ಲಕ್ಷ ಡಾಲರ್, ಎರಡೂವರೆ ಲಕ್ಷ ಡಾಲರ್. ಡಾಲರಿಗೆ 90 ರೂಪಾಯಿ ಎಂದು ಲೆಕ್ಕದ ಸುಲಭಕ್ಕೆ ಹಿಡಿದರೆ 50,000 ಡಾಲರ್ ಎಂದರೆ 45 ಲಕ್ಷ. ಕೇಳಿದ ತಕ್ಷಣ ಧೈರ್ಯ ಬರುವ ಮೊತ್ತ. ಆದರೆ ಶಿವಮೊಗ್ಗದ ಮಂಡಿಯಲ್ಲಿ ಚೀಲದ ತೂಕ ಕೇಳಿ ಯಾರೂ ಅಡಿಕೆಗೆ ದರ ಕಟ್ಟುವುದಿಲ್ಲ. ಬಿಚ್ಚಿ, ಒಳಗೆ ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ನೋಡುತ್ತಾರೆ. ಹಿರಿಯರ ಪಾಲಿಸಿಯನ್ನೂ ಹಾಗೇ ಬಿಚ್ಚಬೇಕು, ಏಕೆಂದರೆ 60 ದಾಟಿದವರ ಹಲವು ಪ್ಲಾನ್‌ಗಳಲ್ಲಿ ಒಟ್ಟು ಮೊತ್ತದ ಒಳಗೆ ಪ್ರತಿ ಬಾಬ್ತಿಗೂ ಒಂದು ಉಪಮಿತಿ ಇರುತ್ತದೆ: ಕೋಣೆಗೆ ದಿನಕ್ಕಿಷ್ಟು, ಐಸಿಯುಗೆ ದಿನಕ್ಕಿಷ್ಟು, ಶಸ್ತ್ರಚಿಕಿತ್ಸೆಗೆ ಒಟ್ಟು ಇಷ್ಟು, ಅರಿವಳಿಕೆಗೆ ಶಸ್ತ್ರಚಿಕಿತ್ಸೆಯ ಇಷ್ಟು ಪಾಲು, ಪರೀಕ್ಷೆಗಳಿಗೆ ಇಷ್ಟು, ಆಂಬುಲೆನ್ಸಿಗೆ ಇಷ್ಟು.

ಲೆಕ್ಕ ಹೇಗೆ ಕೆಲಸ ಮಾಡುತ್ತದೆಂದು ತೋರಿಸಲು ಊಹೆಯ ಅಂಕಿಗಳನ್ನು ಇಟ್ಟು ನೋಡೋಣ. 72 ವರ್ಷದ ವ್ಯಕ್ತಿ, ಒಂದು ಲಕ್ಷ ಡಾಲರಿನ ಪಾಲಿಸಿ, ಕೆರಿಬಿಯನ್ ಹಡಗಿನಿಂದ ಇಳಿಸಿ ಫ್ಲಾರಿಡಾದ ಆಸ್ಪತ್ರೆಗೆ ಸೇರಿಸಿದ್ದಾರೆ. ಐಸಿಯು ದಿನಕ್ಕೆ 8,000 ಡಾಲರಿನಂತೆ ನಾಲ್ಕು ದಿನ, 32,000. ಸ್ಟೆಂಟ್ ಹಾಕಿದ್ದಕ್ಕೆ 45,000. ಒಟ್ಟು 77,000, ಪಾಲಿಸಿಯ ಮೊತ್ತಕ್ಕಿಂತ ಕಡಿಮೆಯೇ. ಆದರೆ ಉಪಮಿತಿ ಐಸಿಯುಗೆ ದಿನಕ್ಕೆ 2,000, ಶಸ್ತ್ರಚಿಕಿತ್ಸೆಗೆ 10,000 ಎಂದಿದ್ದರೆ ಕಂಪನಿ ಕೊಡುವುದು 8,000 ಮತ್ತು 10,000, ಕೂಡಿ 18,000 ಡಾಲರ್. ಉಳಿದ 59,000 ಡಾಲರ್, ಅಂದರೆ 53 ಲಕ್ಷ ರೂಪಾಯಿಗೂ ಮೇಲೆ, ಮನೆಯವರ ಪಾಲು. ಒಂದು ಲಕ್ಷ ಡಾಲರಿನ ಪಾಲಿಸಿ ಕೈಯಲ್ಲಿದ್ದೂ ತೋಟ ಅಡವಿಡಬೇಕಾದೀತು. ಎರಡೂವರೆ ಲಕ್ಷದ ಪಾಲಿಸಿ ಕೊಂಡಿದ್ದರೂ ಉಪಮಿತಿಗಳು ಅವೇ ಆಗಿದ್ದರೆ ಈ ಲೆಕ್ಕದಲ್ಲಿ ಒಂದು ಡಾಲರೂ ಹೆಚ್ಚು ಸಿಗುತ್ತಿರಲಿಲ್ಲ.

ಉಪಮಿತಿ ಇಲ್ಲದ ಪ್ಲಾನ್‌ಗಳೂ ಮಾರುಕಟ್ಟೆಯಲ್ಲಿವೆ. ಪ್ರೀಮಿಯಂ ಹೆಚ್ಚು. ಉಪಮಿತಿಯುಳ್ಳ ದೊಡ್ಡ ಮೊತ್ತಕ್ಕಿಂತ ಉಪಮಿತಿಯಿಲ್ಲದ ಮಧ್ಯಮ ಮೊತ್ತವೇ 60 ದಾಟಿದವರಿಗೆ ಲೇಸು. ಏಜೆಂಟರನ್ನು ಕೇಳಬೇಕಾದ ಮೊದಲ ಪ್ರಶ್ನೆ «ಎಷ್ಟು ಲಕ್ಷ ಡಾಲರ್» ಎಂದಲ್ಲ, «ಈ ವಯಸ್ಸಿಗೆ ಸಬ್‌ಲಿಮಿಟ್ ಇದೆಯಾ, ಇದ್ದರೆ ಪಟ್ಟಿ ಕೊಡಿ» ಎಂದು. ಪಟ್ಟಿ ಬ್ರೋಷರಿನಲ್ಲಿ ಇರುವುದಿಲ್ಲ, ಪಾಲಿಸಿಯ ಪೂರ್ಣ ಷರತ್ತುಗಳ ಕಡತದಲ್ಲಿರುತ್ತದೆ. ಕಡತ ಇಂಗ್ಲಿಷಿನಲ್ಲಿರುತ್ತದೆ ಎಂಬುದು ನಿಜವಾದ ತೊಂದರೆ. ಆರೋಗ್ಯ ವಿಮೆಗೆ ಗ್ರಾಹಕರ ಮಾಹಿತಿ ಪತ್ರ ಎಂಬ ಸಂಕ್ಷಿಪ್ತ ಹಾಳೆಯನ್ನು ಕೊಡಬೇಕು, ಗ್ರಾಹಕರು ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಎಂದು ಐಆರ್‌ಡಿಎಐ 2024ರ ಜನವರಿಯಿಂದ ನಿಯಮ ಮಾಡಿದೆ. ಕನ್ನಡದಲ್ಲಿ ಕೊಡಿ ಎಂದು ಕೇಳಲು ಸಂಕೋಚ ಬೇಡ. ಕೇಳುವವರಿಲ್ಲದಿದ್ದರೆ ಆ ಹಾಳೆ ಅಚ್ಚಾಗುವುದೇ ಇಲ್ಲ.

ಅದೇ 2024ರಲ್ಲಿ ಆರೋಗ್ಯ ವಿಮೆ ಕೊಳ್ಳಲು 65 ವರ್ಷದ ಮಿತಿ ಹೋಯಿತೆಂಬ ಸುದ್ದಿ ಬಂದಾಗ, ಇನ್ನು ವಯಸ್ಸಿನ ತಕರಾರೇ ಇಲ್ಲ ಎಂದು ಅನೇಕರು ತಿಳಿದರು. ಪ್ರವಾಸ ವಿಮೆಯ ಪ್ಲಾನ್‌ಗಳಲ್ಲಿ ವಯಸ್ಸಿನ ಮೆಟ್ಟಿಲುಗಳು ಈಗಲೂ ಇವೆ: 60ರವರೆಗೆ ಒಂದು ದರ, 61–70 ಇನ್ನೊಂದು, 71–80 ಮತ್ತೊಂದು, ಮೇಲೆ ಹೋದಂತೆ ಪ್ಲಾನ್‌ಗಳು ಕಡಿಮೆ. ಕೆಲವು ಕಂಪನಿಗಳು 70 ದಾಟಿದವರಿಗೆ ಇಸಿಜಿ, ಸಕ್ಕರೆ, ಮೂತ್ರ ಪರೀಕ್ಷೆಯ ವರದಿ ಕೇಳುತ್ತವೆ. ಗಂಡನಿಗೆ 74, ಹೆಂಡತಿಗೆ 66 ಇದ್ದಾಗ ಇಬ್ಬರಿಗೂ ಸೇರಿಸಿ ಒಂದು ಪಾಲಿಸಿ ಕೊಳ್ಳುವ ಮೊದಲು ಬೇರೆ ಬೇರೆ ಕೊಂಡರೆ ಎಷ್ಟಾಗುತ್ತದೆಂದು ನೋಡಬೇಕು.

ಬಿಪಿ ಮಾತ್ರೆಯ ಪ್ರಶ್ನೆ

ಅರ್ಜಿಯಲ್ಲಿ ಒಂದು ಸಾಲು: ಈಗಾಗಲೇ ಯಾವುದಾದರೂ ಕಾಯಿಲೆ ಇದೆಯೇ, ಔಷಧ ತೆಗೆದುಕೊಳ್ಳುತ್ತಿದ್ದೀರಾ? ಮಲೆನಾಡಿನ ಮನೆಗಳಲ್ಲಿ ದಿನಾ ಬೆಳಿಗ್ಗೆ ನುಂಗುವ ಬಿಪಿ ಮಾತ್ರೆಯನ್ನು ಕಾಯಿಲೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರ್ಜಿ ತುಂಬುವ ಹುಡುಗ ಕೇಳದೆಯೇ «ಇಲ್ಲ» ಎಂದು ಗುರುತು ಹಾಕುತ್ತಾನೆ. ಹೌದು ಎಂದರೆ ಪ್ರೀಮಿಯಂ ಏರುತ್ತದೆ, ಕೆಲಸ ನಿಧಾನವಾಗುತ್ತದೆ. ಕ್ಲೇಮ್ ಬಂದಾಗ ಕಂಪನಿ ಹಳೆಯ ಚೀಟಿಗಳನ್ನು ಕೇಳುತ್ತದೆ. ಹಡಗಿನ ವೈದ್ಯರ ಟಿಪ್ಪಣಿಯ ಮೊದಲ ಸಾಲೇ «ಹತ್ತು ವರ್ಷದಿಂದ ರಕ್ತದೊತ್ತಡ» ಎಂದಿರುತ್ತದೆ, ಏಕೆಂದರೆ ರೋಗಿಯೇ ಅದನ್ನು ಹೇಳಿರುತ್ತಾರೆ. ಮುಚ್ಚಿಟ್ಟದ್ದು ಅಲ್ಲಿಗೆ ಬಯಲಾಯಿತು. ಪೂರ್ತಿ ಕ್ಲೇಮನ್ನು ತಳ್ಳಿಹಾಕಲು ಇಷ್ಟು ಸಾಕು.

ಹೇಳಿಕೊಂಡರೂ ಎಲ್ಲ ಸುಸೂತ್ರ ಎಂದಲ್ಲ. ಭಾರತದ ಬಹುಪಾಲು ಪ್ರವಾಸ ಪಾಲಿಸಿಗಳು ಮೊದಲೇ ಇದ್ದ ಕಾಯಿಲೆಯನ್ನು ಹೊರಗಿಡುತ್ತವೆ. ಸ್ವಲ್ಪ ಉದಾರವಾದವು ಅದರಿಂದ ಜೀವಕ್ಕೆ ಅಪಾಯ ಬಂದಾಗ ಮಾತ್ರ, ಸ್ಥಿತಿ ಸ್ಥಿರವಾಗುವವರೆಗೆ, ಒಂದು ಮಿತಿಯೊಳಗೆ ಕೊಡುತ್ತವೆ. ಮೊದಲ ಅಪಾಯ ಕಳೆದ ಮೇಲಿನ ಐಸಿಯು ದಿನಗಳು, ಎರಡನೆಯ ಸ್ಟೆಂಟ್, ಮುಂದಿನ ತಪಾಸಣೆ ಇವೆಲ್ಲ ಹೊರಗೆ ಉಳಿಯಬಹುದು. ಹೃದಯಾಘಾತಕ್ಕೆ ಬಿಪಿಯೇ ಕಾರಣ ಎಂದು ಕಂಪನಿ ವಾದಿಸುವುದೂ ಇದೇ ಷರತ್ತಿನ ಬಲದಿಂದ. ಆದ್ದರಿಂದ ಹುಡುಕಬೇಕಾದ ಪಾಲಿಸಿ ಇಂಥದ್ದು: ಬಿಪಿ, ಶುಗರ್ ಹೆಸರು ಹಿಡಿದು ಘೋಷಿಸಿದ ಮೇಲೆ, ಅವುಗಳಿಂದಾಗುವ ತುರ್ತು ಸ್ಥಿತಿಗೆ ಎಷ್ಟು ಡಾಲರ್ ಎಂದು ಅಂಕಿಯಲ್ಲಿ ಬರೆದಿರುವುದು. ಆ ಅಂಕಿ ಸಣ್ಣದಿದ್ದರೆ, ಆ ಹಿರಿಯರ ಮಟ್ಟಿಗೆ ಪಾಲಿಸಿಯ ನಿಜವಾದ ಮೊತ್ತ ಅದೇ.

ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ಮನೆಯಲ್ಲಿ ಆಮ್ಲಜನಕ ಬಳಸುವವರು ಹಡಗಿನ ಕಂಪನಿಗೂ ಮುಂಚೆಯೇ ತಿಳಿಸಬೇಕು. ಹತ್ತುವಾಗ ಜ್ವರ ಅಥವಾ ಭೇದಿ ಇದೆಯೇ ಎಂಬ ಘೋಷಣೆ ತುಂಬಿಸಿಕೊಳ್ಳುತ್ತಾರೆ, ಇದ್ದರೆ ಹತ್ತಿಸದೆಯೂ ಇರಬಹುದು. ಹಾಗೆ ಹಿಂದಿರುಗಿದರೆ ಟಿಕೆಟ್ಟಿನ ಹಣ ಪಾಲಿಸಿಯಿಂದ ತಾನಾಗಿ ಬರುವುದಿಲ್ಲ. ಪ್ರವಾಸ ರದ್ದತಿಯ ಷರತ್ತು ಪ್ರತ್ಯೇಕವಾಗಿ ಇರಬೇಕು.

ಎಲ್ಲಿ ಇಳಿಸುತ್ತಾರೆ?

ಪಾಲಿಸಿಯ ಭೌಗೋಳಿಕ ವ್ಯಾಪ್ತಿಯನ್ನು ಜನ ಸುತ್ತಾಟದ ನಕ್ಷೆ ನೋಡಿ ಆರಿಸುತ್ತಾರೆ. ನೋಡಬೇಕಾದ್ದು, ನಡುವೆ ಏನಾದರೂ ಆದರೆ ಯಾವ ದೇಶದ ದಡಕ್ಕೆ ಇಳಿಸಬಹುದು ಎಂಬುದನ್ನು. ಹಡಗಿಗೆ ಹತ್ತಿರದ ಯೋಗ್ಯ ಆಸ್ಪತ್ರೆ ಎಲ್ಲಿದೆಯೋ ಅಲ್ಲಿಗೆ ಕಳಿಸುತ್ತಾರೆ, ನಿಮ್ಮ ಪಾಲಿಸಿಯ ಪಟ್ಟಿಯನ್ನು ಕೇಳಿ ಅಲ್ಲ. ಕೆರಿಬಿಯನ್‌ನ ಸಣ್ಣ ದ್ವೀಪಗಳ ಗಂಭೀರ ರೋಗಿಗಳು ಕೊನೆಗೆ ಅಮೆರಿಕದ ಆಸ್ಪತ್ರೆಯಲ್ಲಿ ಮುಟ್ಟುವುದು ಸಾಮಾನ್ಯ. «ಅಮೆರಿಕ ಮತ್ತು ಕೆನಡಾ ಬಿಟ್ಟು ಇಡೀ ಜಗತ್ತು» ಎಂಬ ಅಗ್ಗದ ಪ್ಲಾನ್ ಅಲ್ಲಿ ಕೈಕೊಡುತ್ತದೆ. ಏಷ್ಯಾ ಪ್ಲಾನ್‌ಗಳಲ್ಲಿ ಹಲವು ಜಪಾನನ್ನು ಹೊರಗಿಡುತ್ತವೆ. ಪೂರ್ವ ಏಷ್ಯಾದ ಹಡಗು ಹತ್ತುವವರು ಇದನ್ನು ಗಮನಿಸಬೇಕು. ಸಿಂಗಾಪುರದ ಮೂರು ರಾತ್ರಿಯ ಪ್ರವಾಸಕ್ಕೆ ಸಣ್ಣ ಮೊತ್ತ ಸಾಕು ಎಂಬ ಎಣಿಕೆಯೂ ಸರಿಯಲ್ಲ, ಅಲ್ಲಿನ ಖಾಸಗಿ ಆಸ್ಪತ್ರೆಗಳು ವಿದೇಶಿಯರಿಗೆ ಅಗ್ಗವೇನಲ್ಲ.

ಯುರೋಪಿಗೆ ಹೋಗುವವರಿಗೆ ಷೆಂಗೆನ್ ವೀಸಾಕ್ಕಾಗಿ (ಅಲ್ಲಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ವೀಸಾ ಸಿಕ್ಕಿತು, ವಿಮೆ ಸರಿಯಿದೆ ಎಂದು ಅಲ್ಲಿಗೆ ನಿಲ್ಲಿಸುತ್ತಾರೆ. ಅದು ವೀಸಾ ಕಚೇರಿಯ ಕನಿಷ್ಠ ಮಟ್ಟ ಅಷ್ಟೇ. ಅಲ್ಲದೆ ಮೆಡಿಟರೇನಿಯನ್ ಹಡಗುಗಳು ಟರ್ಕಿಯ ಕುಶಾದಸಿ, ಮಾಂಟೆನೆಗ್ರೋದ ಕೋಟೋರ್‌ನಂಥ ಷೆಂಗೆನ್ ಅಲ್ಲದ ಬಂದರುಗಳಿಗೂ ಹೋಗುತ್ತವೆ; ಷೆಂಗೆನ್ ದೇಶಗಳಿಗೆ ಮಾತ್ರ ಬರೆದ ಪಾಲಿಸಿ ಅಲ್ಲಿ ನಿಲ್ಲುತ್ತದೆ.

ಇನ್ನು ರೋಗಿಯನ್ನು ಸಾಗಿಸುವ ಖರ್ಚು. ದಡದಿಂದ ಹೆಲಿಕಾಪ್ಟರ್ ಬರಲು ದೂರದ ಮಿತಿಯಿದೆ. ತೀರದಿಂದ ಬಹಳ ಒಳಗಿದ್ದರೆ ಹಡಗೇ ದಿಕ್ಕು ಬದಲಿಸಬೇಕು, ಇಲ್ಲವೇ ಮುಂದಿನ ಬಂದರಿನವರೆಗೆ ಕಾಯಬೇಕು. ಅಮೆರಿಕದ ಕೋಸ್ಟ್ ಗಾರ್ಡ್ ರಕ್ಷಣೆಗೆ ಹಣ ಕೇಳುವುದಿಲ್ಲ. ಖಾಸಗಿ ಏರ್ ಆಂಬುಲೆನ್ಸ್ ಕೇಳುತ್ತದೆ, ಖಂಡ ದಾಟುವ ಪ್ರಯಾಣವಾದರೆ ಅದೊಂದೇ ಲಕ್ಷ ಡಾಲರ್ ಮುಟ್ಟಬಹುದು. ಆದ್ದರಿಂದ ಪಾಲಿಸಿಯಲ್ಲಿ ವೈದ್ಯಕೀಯ ಸ್ಥಳಾಂತರದ ಮೊತ್ತ ಚಿಕಿತ್ಸೆಯ ಮೊತ್ತದ ಒಳಗೇ ಸೇರಿದೆಯೋ, ಬೇರೆಯಾಗಿ ಇದೆಯೋ ನೋಡಬೇಕು. ಒಳಗೇ ಸೇರಿದ್ದರೆ ವಿಮಾನದ ಖರ್ಚೇ ಆಸ್ಪತ್ರೆಯ ಹಣವನ್ನು ತಿಂದುಹಾಕುತ್ತದೆ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಪೂರ್ವಾನುಮತಿಯಲ್ಲಿ. ಸ್ಥಳಾಂತರದ ವ್ಯವಸ್ಥೆ ಮಾಡುವುದು ವಿಮಾ ಕಂಪನಿ ನೇಮಿಸಿದ ಸಹಾಯ ಸಂಸ್ಥೆ. ಗಾಬರಿಯಲ್ಲಿ ಮನೆಯವರೇ ಏರ್ ಆಂಬುಲೆನ್ಸ್ ಗೊತ್ತುಮಾಡಿದರೆ, ಹಣ ವಾಪಸು ಬರದಿರುವ ಸಾಧ್ಯತೆಯೇ ಹೆಚ್ಚು.

ಒಬ್ಬರನ್ನು ಇಳಿಸಿದರೆ ಜೊತೆಗಾರರೂ ಇಳಿಯುತ್ತಾರೆ. ಅವರ ಹೋಟೆಲ್, ಅರ್ಧಕ್ಕೆ ನಿಂತ ಪ್ರವಾಸದ ಹಣ, ಹೊಸ ವಿಮಾನ ಟಿಕೆಟ್ ಇವು ಚಿಕಿತ್ಸೆಯ ವಿಮೆಯಲ್ಲಿ ಬರುವುದಿಲ್ಲ. ಪ್ರವಾಸ ಮೊಟಕಾದದ್ದಕ್ಕೆ ಪರಿಹಾರ, ಸಂಬಂಧಿಕರೊಬ್ಬರ ಭೇಟಿಯ ಖರ್ಚು ಎಂಬ ಪ್ರತ್ಯೇಕ ಬಾಬ್ತುಗಳಿರಬೇಕು. ಎರಡನೆಯದಕ್ಕೆ ಇಷ್ಟು ದಿನಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿದ್ದರೆ ಮಾತ್ರ ಎಂಬ ಷರತ್ತು ಸಾಮಾನ್ಯ. ಮರಣ ಸಂಭವಿಸಿದರೆ ಪಾರ್ಥಿವ ಶರೀರವನ್ನು ಊರಿಗೆ ತರುವ ಖರ್ಚಿನ ಮಿತಿಯನ್ನೂ ನೋಡಿಟ್ಟುಕೊಳ್ಳಬೇಕು. ಮಾತಾಡಲು ಯಾರಿಗೂ ಇಷ್ಟವಿಲ್ಲದ ವಿಷಯ, ಆದರೆ ಅದು ಒಂದು ಸಾಲಿನ ಅಂಕಿ, ಹೊರಡುವ ಮೊದಲೇ ನೋಡಬಹುದಾದದ್ದು.

ಮಕ್ಕಳು ಅಮೆರಿಕದಲ್ಲಿ ಕೊಂಡ ವಿಮೆ

ಅಮೆರಿಕಕ್ಕೆ ಬರುವ ತಂದೆ-ತಾಯಿಗಾಗಿ ಅಲ್ಲಿಯ ಮಕ್ಕಳು ಕೊಳ್ಳುವ ಸಂದರ್ಶಕರ ವಿಮೆಯಲ್ಲಿ ಎರಡು ಜಾತಿ. ಒಂದರಲ್ಲಿ ಪ್ರತಿ ಸೇವೆಗೂ ನಿಗದಿತ ಮೊತ್ತ. ಅಗ್ಗ, ಬಿಲ್ಲಿನ ಎದುರು ಸಾಲದು. ಇನ್ನೊಂದರಲ್ಲಿ ಕಡಿತದ ನಂತರ ಬಿಲ್ಲಿನ ದೊಡ್ಡ ಭಾಗ ಸಿಗುತ್ತದೆ. ಎರಡರಲ್ಲೂ ಹಳೆಯ ಕಾಯಿಲೆ ಸಾಮಾನ್ಯವಾಗಿ ಹೊರಗೆ. ಹಲವು ಪ್ಲಾನ್‌ಗಳು ಅದು ಮುನ್ಸೂಚನೆಯಿಲ್ಲದೆ ದಿಢೀರನೆ ಉಲ್ಬಣಿಸಿದರೆ ಮಾತ್ರ, 24 ಗಂಟೆಯೊಳಗೆ ಚಿಕಿತ್ಸೆ ಪಡೆದರೆ ಮಾತ್ರ ಕೊಡುತ್ತವೆ. «ಬೆಳಿಗ್ಗೆ ಸರಿಹೋಗಬಹುದು ನೋಡೋಣ» ಎಂದು ಎರಡು ದಿನ ಎದೆಯುರಿಗೆ ಜೀರಿಗೆ ಕಷಾಯ ಕುಡಿದು ಕೂತರೆ ಆ ಷರತ್ತು ಮುರಿದುಬಿತ್ತು. ಇದಕ್ಕೂ ವಯಸ್ಸಿನ ಮಿತಿಯಿದೆ; ಅನೇಕ ಪ್ಲಾನ್‌ಗಳಲ್ಲಿ 70 ತುಂಬಿದ ಮೇಲೆ ಈ ಸೌಲಭ್ಯ ಇಳಿಯುತ್ತದೆ ಅಥವಾ ನಿಲ್ಲುತ್ತದೆ.

ಹಡಗಿನ ಪ್ರಶ್ನೆ ಬರುವುದು ಇದರ ಮೇಲೆ. ಸಂದರ್ಶಕರ ವಿಮೆ ಅಮೆರಿಕದೊಳಗಿನ ಚಿಕಿತ್ಸೆಗೆ ಬರೆದದ್ದು. ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಹಡಗು ಅಮೆರಿಕದಿಂದ ಅಮೆರಿಕಕ್ಕೇ ಹೋಗುತ್ತದಲ್ಲ ಎಂದು ತಿಳಿಯುತ್ತಾರೆ. ಆದರೆ ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವಾಗ ನಡುವೆ ಬೇರೆ ದೇಶದ ಬಂದರನ್ನು ಮುಟ್ಟುವಂತೆ ಮಾಡುವ 1886ರ ಕಾನೂನೊಂದು ಈಗಲೂ ಜಾರಿಯಲ್ಲಿದೆ. ಅದಕ್ಕಾಗಿ ಈ ಹಡಗುಗಳು ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ ನಿಲ್ಲುತ್ತವೆ. ಹಾದಿಯ ದೊಡ್ಡ ಭಾಗವೂ ಕೆನಡಾದ ಕರಾವಳಿಗುಂಟ. ಭಾರತದ ಪಾಸ್‌ಪೋರ್ಟಿನವರಿಗೆ ಕೆನಡಾದ ವೀಸಾ ಪ್ರಶ್ನೆಯೂ, ಅಮೆರಿಕಕ್ಕೆ ಮರುಪ್ರವೇಶದ ಪ್ರಶ್ನೆಯೂ ಇಲ್ಲೇ ಏಳುತ್ತವೆ. ಅಲಾಸ್ಕಾದ ಸ್ಕಾಗ್‌ವೇಯಂಥ ಬಂದರಿನಲ್ಲಿ ಕ್ಲಿನಿಕ್ ಬಿಟ್ಟರೆ ದೊಡ್ಡ ಆಸ್ಪತ್ರೆಯಿಲ್ಲ. ಗಂಭೀರ ರೋಗಿಗಳನ್ನು ವಿಮಾನದಲ್ಲಿ ಸಿಯಾಟಲ್‌ಗೋ ಆಂಕರೇಜ್‌ಗೋ ಒಯ್ಯಬೇಕು. ಹಾಗಾಗಿ ಮಕ್ಕಳು ವಿಮಾ ಕಂಪನಿಗೆ ಇಮೇಲ್ ಬರೆದು ಮೂರು ಪ್ರಶ್ನೆಗೆ ಉತ್ತರ ಪಡೆಯಬೇಕು: ಅಂತರರಾಷ್ಟ್ರೀಯ ಜಲಪ್ರದೇಶದಲ್ಲಿ ಹಡಗಿನ ವೈದ್ಯರ ಬಿಲ್ಲಿಗೆ ಕೊಡುತ್ತೀರಾ, ಕೆನಡಾ ಅಥವಾ ಮೆಕ್ಸಿಕೋ ಬಂದರಿನಲ್ಲಿ ಆಸ್ಪತ್ರೆ ಸೇರಿದರೆ ಕೊಡುತ್ತೀರಾ, ಸ್ಥಳಾಂತರಕ್ಕೆ ಎಷ್ಟು. ಫೋನಿನಲ್ಲಿ ಸಿಕ್ಕ «ಹೌದು ಸರ್» ಉತ್ತರಕ್ಕೆ ಬೆಲೆಯಿಲ್ಲ.

ಅಮೆರಿಕದ ನೆಲದಲ್ಲಿ ಇನ್ನೊಂದು ರಕ್ಷಣೆ ಇದೆ. 1986ರ ಕಾನೂನಿನಂತೆ ಅಲ್ಲಿಯ ತುರ್ತು ವಿಭಾಗಗಳು ಹಣ ಇಲ್ಲವೆಂದು ರೋಗಿಯನ್ನು ಹಿಂದೆ ಕಳಿಸುವಂತಿಲ್ಲ, ಸ್ಥಿತಿ ಸ್ಥಿರವಾಗುವವರೆಗೆ ನೋಡಲೇಬೇಕು. ಬಿಲ್ಲು ಆಮೇಲೆ ಬರುತ್ತದೆ, ಆ ಮಾತು ಬೇರೆ. ಇನ್ನು ಹಡಗಿನ ಕಂಪನಿಯೇ ಟಿಕೆಟ್ಟಿನ ಜೊತೆ ಮಾರುವ ರಕ್ಷಣಾ ಪ್ಲಾನ್: ಅದರಲ್ಲಿ ಚಿಕಿತ್ಸೆಯ ಮಿತಿ ಹಲವು ಸಲ ಚಿಕ್ಕದು, ಕೆಲವು ಆ ದೇಶದ ನಿವಾಸಿಗಳಿಗೆ ಮಾತ್ರ. ಟಿಕೆಟ್ ರದ್ದತಿಗೆ ಉಪಯೋಗಕ್ಕೆ ಬಂದೀತು, ಚಿಕಿತ್ಸೆಗೆ ಅದನ್ನೇ ನಂಬಬಾರದು.

ಕೈಚೀಲದಲ್ಲಿ ಇರಬೇಕಾದ್ದು

ಕುಟುಂಬದ ವೈದ್ಯರಿಂದ ಒಂದು ಪುಟದ ಇಂಗ್ಲಿಷ್ ಪತ್ರ ಬರೆಸಿಕೊಳ್ಳಿ: ಕಾಯಿಲೆಗಳು, ಎಂದಿನಿಂದ, ಮಾತ್ರೆಗಳ ಪ್ರಮಾಣ, ಅಲರ್ಜಿ, ಹಿಂದಿನ ಶಸ್ತ್ರಚಿಕಿತ್ಸೆ. ಮಾತ್ರೆಗಳಿಗೆ ಕಂಪನಿ ಹೆಸರಿನ ಜೊತೆ ಮೂಲ ಹೆಸರು ಇರಲೇಬೇಕು, ಟೆಲ್ಮಿಸಾರ್ಟಾನ್, ಮೆಟ್‌ಫಾರ್ಮಿನ್, ಕ್ಲೋಪಿಡೋಗ್ರೆಲ್ ಎಂಬಂತೆ. ಶಿವಮೊಗ್ಗದ ದುರ್ಗಿಗುಡಿಯ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಬ್ರ್ಯಾಂಡ್ ಹೆಸರು ಹಡಗಿನ ವೈದ್ಯರಿಗೆ ಏನನ್ನೂ ಹೇಳುವುದಿಲ್ಲ. ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಅದನ್ನು ಎದ್ದುಕಾಣುವಂತೆ ಬರೆಸಿ. ಕೊನೆಯ ಇಸಿಜಿಯ ಪ್ರತಿಯೊಂದು ಜೊತೆಗಿದ್ದರೆ ಹೊಸ ಬದಲಾವಣೆ ಯಾವುದು, ಹಳೆಯದು ಯಾವುದು ಎಂದು ವೈದ್ಯರಿಗೆ ಕೂಡಲೇ ಗೊತ್ತಾಗುತ್ತದೆ. ಔಷಧಗಳು ಪ್ರವಾಸದ ದಿನಗಳಿಗಿಂತ ಎರಡು ವಾರ ಹೆಚ್ಚಿರಲಿ, ಎಲ್ಲವೂ ಕೈಚೀಲದಲ್ಲೇ. ಹಡಗು ಹತ್ತುವಾಗ ದೊಡ್ಡ ಪೆಟ್ಟಿಗೆ ಬೇರೆ ದಾರಿಯಲ್ಲಿ ಹೋಗಿ ಕೋಣೆ ಸೇರಲು ಸಂಜೆಯಾಗುತ್ತದೆ.

ಮಲೆನಾಡಿನವರ ಪತ್ರದಲ್ಲಿ ಒಂದು ಸಾಲು ಹೆಚ್ಚಿಗೆ ಬೇಕು: ಮಂಗನ ಕಾಯಿಲೆ ಇರುವ ಪ್ರದೇಶದವರು ಎಂದು. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಕಾಡಿನ ಉಣ್ಣೆ ಹೆಚ್ಚುವ ಕಾಲ ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ಸುಗ್ಗಿ ಮುಗಿಸಿ ಪ್ರವಾಸ ಹೊರಡುವ ಹೊತ್ತಿಗೇ. ಉಣ್ಣೆ ಕಚ್ಚಿ 3ರಿಂದ 8 ದಿನಕ್ಕೆ ಜ್ವರ ಬರುತ್ತದೆ. ಸೊಪ್ಪಿನಬೆಟ್ಟಕ್ಕೆ ಹೋಗಿಬಂದ ವಾರದೊಳಗೆ ಹಡಗು ಹತ್ತಿದವರಿಗೆ ಅದು ಸಮುದ್ರದ ಮೇಲೆ ಕಾಣಿಸಿಕೊಳ್ಳಬಹುದು. ಹಡಗಿನ ವೈದ್ಯರು ಈ ಹೆಸರನ್ನೇ ಕೇಳಿರಲಾರರು, ಅದರ ಪರೀಕ್ಷೆಯೂ ಅಲ್ಲಿಲ್ಲ. ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಯಾವ ಪ್ರದೇಶದಿಂದ ಬಂದಿದ್ದೇವೆಂದು ಹೇಳಬೇಕು. ವಿಮೆಯ ದೃಷ್ಟಿಯಿಂದಲೂ ಟಿಪ್ಪಣಿಯಲ್ಲಿ ಜ್ವರ ಶುರುವಾದ ದಿನಾಂಕ ಸರಿಯಾಗಿರಬೇಕು. ಪಾಲಿಸಿ ಶುರುವಾಗುವ ಮೊದಲೇ ಕಾಯಿಲೆ ಇತ್ತು ಎಂಬ ತಕರಾರಿಗೆ ಎಡೆ ಕೊಡಬಾರದು.

ಹಣದ ವಿಷಯಕ್ಕೆ ಬಂದರೆ, 2020ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ವಿದೇಶದ ಬಳಕೆಯನ್ನು ನಾವೇ ಆ್ಯಪಿನಲ್ಲೋ ಬ್ಯಾಂಕಿನಲ್ಲೋ ತೆರೆಸಿ, ಮಿತಿ ಏರಿಸಬೇಕು. ಸಾಕಷ್ಟು ಮಿತಿಯ ಕ್ರೆಡಿಟ್ ಕಾರ್ಡು ಇಬ್ಬರಲ್ಲಿ ಒಬ್ಬರ ಹೆಸರಿನಲ್ಲಾದರೂ ಇರಲಿ. ಪಾಲಿಸಿಯ ದಿನಗಳನ್ನೂ ಬಿಗಿಯಾಗಿ ಎಣಿಸಬೇಡಿ: ಮನೆಯಿಂದ ಹೊರಟ ದಿನದಿಂದ ಮರಳುವ ದಿನದ ನಂತರ ಎರಡು-ಮೂರು ದಿನ ಹೆಚ್ಚಿಗೆ ಇರಲಿ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ಹೊರಡುವ ವಿಮಾನ ಮಂಜಿನ ದೆಸೆಯಿಂದ ತಡವಾಗಿ ಬೆಂಗಳೂರಿನ ಸಂಪರ್ಕ ತಪ್ಪಿದರೂ ಹಡಗು ಕಾಯುವುದಿಲ್ಲ. ಹಡಗು ಹೊರಡುವ ದಿನಕ್ಕಿಂತ ಒಂದು ದಿನ ಮೊದಲೇ ಆ ಊರು ಸೇರುವುದೇ ಇದಕ್ಕೆ ಅಗ್ಗದ ವಿಮೆ.

ಕಾಯಿಲೆ ಬಿದ್ದ ಹೊತ್ತಿನಲ್ಲಿ

ಪಾಲಿಸಿಯಲ್ಲಿರುವ 1800 ಎಂದು ಶುರುವಾಗುವ ಉಚಿತ ಸಂಖ್ಯೆ ಹೊರದೇಶದಿಂದ ತಾಗದೇ ಇರಬಹುದು. ವಿದೇಶದಿಂದ ಕರೆಯುವ ಸಂಖ್ಯೆ, ಇಮೇಲ್, ವಾಟ್ಸ್ಯಾಪ್ ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಡಿ, ಒಂದು ಪ್ರತಿ ಊರಿನಲ್ಲಿರುವವರ ಬಳಿಯೂ ಇರಲಿ. ಹಡಗಿನಲ್ಲಿ ಇಂಟರ್ನೆಟ್ ದುಬಾರಿ, ಕೆಲವೊಮ್ಮೆ ನಿಧಾನ. ಊರಿನವರಿಗೆ ಒಂದು ಸಂದೇಶ ಮುಟ್ಟಿದರೆ ಅವರೇ ಕಂಪನಿಗೆ ತಿಳಿಸಬಹುದು. ತಿಳಿಸಿದ ಹೊತ್ತು, ಮಾತಾಡಿದವರ ಹೆಸರು, ಕೊಟ್ಟ ಕ್ಲೇಮ್ ಸಂಖ್ಯೆ ಬರೆದಿಡಿ. ಜೀವಕ್ಕೆ ಅಪಾಯವಿರುವಾಗ ಕಂಪನಿಯ ಅನುಮತಿಗಾಗಿ ಚಿಕಿತ್ಸೆ ನಿಲ್ಲಿಸಬೇಡಿ; ಮೊದಲು ಚಿಕಿತ್ಸೆ, ಸಾಧ್ಯವಾದಷ್ಟು ಬೇಗ ಸುದ್ದಿ.

ಹಡಗಿನಿಂದ ಇಳಿಯುವ ಮುನ್ನ ಚಿಕಿತ್ಸಾ ಕೇಂದ್ರದಿಂದ ಬಾಬ್ತುವಾರು ಬಿಲ್ಲು, ವೈದ್ಯರ ಟಿಪ್ಪಣಿ, ಪರೀಕ್ಷೆಯ ವರದಿ, ಇಸಿಜಿ ಪಟ್ಟಿ, ಹಣ ಕಟ್ಟಿದ ರಸೀತಿ ಪಡೆಯಿರಿ. ಕೋಣೆಯ ಖಾತೆಯ ಒಟ್ಟು ಬಿಲ್ಲಿನಲ್ಲಿ «ವೈದ್ಯಕೀಯ» ಎಂಬ ಒಂದೇ ಸಾಲು ಇದ್ದರೆ ವಿಮಾ ಕಂಪನಿ ಒಪ್ಪುವುದಿಲ್ಲ, ಹಡಗು ಮುಂದೆ ಹೋದ ಮೇಲೆ ಈ ಕಾಗದಗಳನ್ನು ತರಿಸಿಕೊಳ್ಳುವುದು ತಿಂಗಳುಗಟ್ಟಲೆಯ ಕೆಲಸ. ಇವುಗಳ ಜೊತೆಗೆ ಪಾಸ್‌ಪೋರ್ಟಿನ ಪ್ರವೇಶ-ನಿರ್ಗಮನದ ಮೊಹರಿನ ಪುಟಗಳು, ಬೋರ್ಡಿಂಗ್ ಪಾಸ್, ಕ್ರೂಸ್ ಟಿಕೆಟ್ ಬೇಕು. ದಡದ ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ ಇಂಗ್ಲಿಷ್ ಅಲ್ಲದ ಭಾಷೆಯಲ್ಲಿದ್ದರೆ ಅಲ್ಲೇ ಇಂಗ್ಲಿಷ್ ಪ್ರತಿ ಕೇಳಿ. ಅಮೆರಿಕದಲ್ಲಿ ಆಸ್ಪತ್ರೆಯ ಬಿಲ್ಲು, ವೈದ್ಯರ ಬಿಲ್ಲು, ಲ್ಯಾಬಿನ ಬಿಲ್ಲು ಬೇರೆ ಬೇರೆಯಾಗಿ ವಾರಗಳ ನಂತರ ಮಗಳ ಮನೆಯ ವಿಳಾಸಕ್ಕೆ ಬರುತ್ತವೆ. ಮೊದಲ ಬಿಲ್ಲಿಗೆ ಕ್ಲೇಮ್ ಮುಗಿಯಿತೆಂದು ಕಡತ ಮುಚ್ಚಿಸಬೇಡಿ.

ಕಂಪನಿ ನಿರಾಕರಿಸಿದರೆ ಕಾರಣವನ್ನು, ಷರತ್ತಿನ ಸಂಖ್ಯೆ ಸಮೇತ, ಬರಹದಲ್ಲಿ ಕೇಳಿ. ಅದರ ಮೇಲೆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮೆಯ ತಕರಾರು ಬಗೆಹರಿಸುವ ಅಧಿಕಾರಿ) ಕಚೇರಿಗೆ ದೂರು ಕೊಡಬಹುದು; ಕರ್ನಾಟಕ ಅದರ ವ್ಯಾಪ್ತಿಗೆ ಬರುತ್ತದೆ. ಶುಲ್ಕವಿಲ್ಲ, ವಕೀಲರನ್ನು ಇಡುವಂತಿಲ್ಲ. ಅದು ಬೇಡವೆಂದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗವಿದೆ. ಒಂದೇ ತಕರಾರಿಗೆ ಎರಡೂ ಕಡೆ ಏಕಕಾಲಕ್ಕೆ ಹೋಗುವಂತಿಲ್ಲ. ಭಾರತದಲ್ಲಿ ಕೊಂಡ ಪಾಲಿಸಿಗೆ ಮಾತ್ರ ಈ ದಾರಿಗಳು. ಮಕ್ಕಳು ಅಮೆರಿಕದ ಕಂಪನಿಯಿಂದ ಕೊಂಡದ್ದಾದರೆ ದೂರು ಹೋಗಬೇಕಾದ್ದು ಅಲ್ಲಿಯ ರಾಜ್ಯದ ವಿಮಾ ಇಲಾಖೆಗೆ.